ಅಳಿವೆಯ ಬದಿಯಲ್ಲಿ ಒಬ್ಬರೇ ಒಂದು ದಿನ: ಮಳೆಗಾಲದ ನಂತರ ಕುರುಡಿ ಮೀನಿಗೆ ಗಾಳ ಹಾಕುವ ಕ್ರಮ

ಮಳೆಗಾಲ ಮುಗಿಯುತ್ತಿದ್ದಂತೆ ಓದುಗರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ರಜೆಯ ಒಂದು ದಿನ ಒಬ್ಬರೇ ಹೋಗಿ ಕುರುಡಿಗೆ ಗಾಳ ಹಾಕಬೇಕು. ಎಲ್ಲಿಗೆ ಹೋಗಬೇಕು, ಏನೇನು ಒಯ್ಯಬೇಕು, ಯಾವ ಹೊತ್ತಿನಲ್ಲಿ ನಿಲ್ಲಬೇಕು? ಉಡುಪಿ ಮತ್ತು ಮಂಗಳೂರಿನ ಸುತ್ತಮುತ್ತ ದೋಣಿಯಿಲ್ಲದೆ, ದಡದಲ್ಲಿ ನಿಂತು, ರಾಡ್ (ಗಾಳದ ಕೋಲು) ಮತ್ತು ರೀಲ್ (ದಾರ ಸುತ್ತುವ ರಾಟೆ) ಬಳಸಿ ಮೀನು ಹಿಡಿಯುವವರಿಗಾಗಿ ಅವೆಲ್ಲಕ್ಕೂ ಉತ್ತರವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೋಟೆಲುಗಳಲ್ಲಿ ಸೀಬಾಸ್ ಎಂದೂ ಆಸ್ಟ್ರೇಲಿಯಾದಲ್ಲಿ ಬಾರಾಮುಂಡಿ ಎಂದೂ ಕರೆಸಿಕೊಳ್ಳುವ ಮೀನೇ ನಮ್ಮ ಕುರುಡಿ. ಕಡಲಿನ ಉಪ್ಪುನೀರು, ಅಳಿವೆಯ ಸಪ್ಪೆ-ಉಪ್ಪು ಬೆರೆತ ನೀರು, ನದಿಯ ಸಿಹಿನೀರು, ಮೂರರಲ್ಲಿಯೂ ಅದು ಬದುಕಬಲ್ಲದು. ಅದು ಬೆನ್ನಟ್ಟಿ ಬೇಟೆಯಾಡುವುದಕ್ಕಿಂತ ಹೊಂಚುಹಾಕಿ ಬೇಟೆಯಾಡುವುದೇ ಹೆಚ್ಚು. ಸೇತುವೆಯ ಕಂಬ, ಕಲ್ಲಿನ ಸಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು, ಇಂಥ ಯಾವುದಾದರೊಂದರ ಮರೆಯಲ್ಲಿ ನಿಂತು, ನೀರಿನ ಸೆಳೆತ ತನ್ನೆದುರಿಗೆ ತಂದೊಡ್ಡುವ ಸಣ್ಣ ಮೀನು ಮತ್ತು ಸೀಗಡಿಯನ್ನು ಬಾಯಿ ತೆರೆದು ಒಮ್ಮೆಲೇ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಈ ಸ್ವಭಾವವನ್ನು ಅರಿತವರಿಗೆ ಮುಂದಿನ ಪ್ರತಿಯೊಂದು ಹಂತದ ಕಾರಣವೂ ತಾನಾಗಿ ತಿಳಿಯುತ್ತದೆ.

1. ದಿನವನ್ನು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ನದಿಗಳಲ್ಲಿ ಹರಿಯುವುದು ಕೆಂಪು ನೀರು. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ, ಅಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ, ನೀರು ಮೆಲ್ಲನೆ ತಿಳಿಯಾಗುತ್ತದೆ, ಕಡಲಿನ ಉಪ್ಪು ನದಿಯೊಳಕ್ಕೆ ಹಿಂತಿರುಗಿ ಬರುತ್ತದೆ, ಮಳೆಗಾಲದಲ್ಲಿ ಹುಟ್ಟಿದ ಮೀನಿನ ಮರಿಗಳೂ ಸೀಗಡಿಗಳೂ ಹಿನ್ನೀರಿನಲ್ಲಿ ತುಂಬಿರುತ್ತವೆ. ದಡದಿಂದ ಕುರುಡಿ ಹಿಡಿಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ದಿನವನ್ನು ಕ್ಯಾಲೆಂಡರಿನ ಕೆಂಪು ಅಂಕಿ ನೋಡಿ ಗೊತ್ತುಮಾಡಬೇಡಿ. ಉಬ್ಬರ-ಇಳಿತದ ಪಟ್ಟಿಯನ್ನು ನೋಡಿ ಗೊತ್ತುಮಾಡಿ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಅಲುಗಾಟ ಕಡಿಮೆ. ನೀರು ಅಲುಗಾಡದಿದ್ದರೆ ಹೊಂಚುಹಾಕುವ ಮೀನಿನ ಎದುರಿಗೆ ಆಹಾರ ಬರುವುದಿಲ್ಲ, ಆದ್ದರಿಂದ ಅಷ್ಟಮಿಯ ದಿನಗಳನ್ನು ಬಿಟ್ಟುಬಿಡುವುದು ಮೇಲು. ಹಾಗೆಂದು ಹುಣ್ಣಿಮೆಯ ದಿನವೇ ಹೋದರೆ ಅಳಿವೆಯ ಸಮೀಪ ಸೆಳೆತ ವಿಪರೀತವಾಗಿ, ಕಸಕಡ್ಡಿ ತಂಗೂಸಿಗೆ, ಅಂದರೆ ಗಾಳದ ನೈಲಾನ್ ದಾರಕ್ಕೆ, ಸಿಕ್ಕಿಕೊಂಡು, ಅರ್ಧ ಹೊತ್ತು ಅದನ್ನು ಬಿಡಿಸುವುದರಲ್ಲಿಯೇ ಕಳೆಯುತ್ತದೆ. ಬಿದಿಗೆಯಿಂದ ಪಂಚಮಿಯವರೆಗಿನ ದಿನಗಳು ಹದವಾಗಿರುತ್ತವೆ.

ಉಬ್ಬರ ತುದಿಮುಟ್ಟಿ ನೀರು ಇಳಿಯಲು ತೊಡಗಿದ ಮೊದಲ ಎರಡು ಗಂಟೆ ಮುಖ್ಯವಾದದ್ದು. ಕಾಂಡ್ಲಾ ಬುಡದಲ್ಲಿಯೂ ಸಣ್ಣ ತೋಡುಗಳಲ್ಲಿಯೂ ಸೇರಿಕೊಂಡಿದ್ದ ಮರಿಗಳು ಆ ಹೊತ್ತಿನಲ್ಲಿ ಹೊರಗೆ ಬರಲೇಬೇಕಾಗುತ್ತದೆ. ಕುರುಡಿ ಅವುಗಳಿಗಾಗಿ ತೋಡಿನ ಬಾಯಿಯಲ್ಲಿ ಕಾದಿರುತ್ತದೆ. ಈ ಎರಡು ಗಂಟೆ ಬೆಳಗಿನ ಆರೂಕಾಲರಿಂದ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಬೀಳುವ ದಿನವನ್ನು ಹುಡುಕಿ. ಬಂದರಿನ ಬಾಯಿಗೆಂದು ಕೊಟ್ಟಿರುವ ವೇಳೆ ನದಿಯೊಳಗೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ಅಳಿವೆಯಿಂದ ಮೇಲಕ್ಕೆ ಹೋದಷ್ಟೂ ಉಬ್ಬರವೂ ಇಳಿತವೂ ತಡವಾಗಿ ತಲಪುತ್ತವೆ. ಹೊಸಬರು ಪಟ್ಟಿಯಲ್ಲಿರುವ ಗಂಟೆಗೆ ಸರಿಯಾಗಿ ಬಂದು, ಇನ್ನೂ ಏರುತ್ತಿರುವ ನೀರಿಗೆ ಗಾಳ ಹಾಕಿ, ಇಳಿತ ಶುರುವಾಗುವ ಮೊದಲೇ ಬೇಸತ್ತು ಮನೆಗೆ ಹೋಗಿಬಿಡುತ್ತಾರೆ.

2. ಜಾಗವನ್ನು ಆರಿಸಿ, ಅದನ್ನೇ ಕಲಿಯುವುದು

ಈ ಸೀಮೆಯಲ್ಲಿ ಅಳಿವೆಗಳಿಗೆ ಕೊರತೆಯಿಲ್ಲ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಬಾಯಿಯಲ್ಲಿ ಕಡಲನ್ನು ಸೇರುತ್ತವೆ. ಮೂಲ್ಕಿಯ ಬಳಿ ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ, ಉಡುಪಿಯ ಉತ್ತರಕ್ಕೆ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ಹೀಗೆಯೇ ಕೂಡುತ್ತವೆ. ಒಬ್ಬರೇ ಹೋಗುವವರಿಗೆ ನಾನು ಕೊನೆಯ ಎರಡನ್ನು ಹೇಳುತ್ತೇನೆ; ಅದರಲ್ಲಿಯೂ ಕೋಡಿಬೆಂಗ್ರೆಯ ನದಿಯ ಮಗ್ಗುಲನ್ನು. ಮಲ್ಪೆಯಿಂದ ಹೂಡೆಯ ದಾರಿಯಾಗಿ ಹೋದರೆ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ನದಿ; ಎದುರು ದಡದಲ್ಲಿ ಹಂಗಾರಕಟ್ಟೆ. ಜನವಸತಿ ಹತ್ತಿರವೇ ಇರುವುದರಿಂದ ಏನಾದರೂ ಹೆಚ್ಚುಕಡಿಮೆಯಾದರೆ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಯಾರಾದರೂ ಇರುತ್ತಾರೆ.

ಅಲೆ ತಡೆಗೋಡೆಯ ತುದಿಗೆ, ಅಂದರೆ ಅಳಿವೆಯ ಎರಡೂ ಬದಿಗೆ ಕಡಲಿನೊಳಕ್ಕೆ ಕಲ್ಲು ತುಂಬಿ ಕಟ್ಟಿರುವ ದಂಡೆಯ ಮೇಲೆ, ಒಬ್ಬರೇ ಹೋಗಬೇಡಿ. ಅಲ್ಲಿ ಮೀನು ಸಿಗುತ್ತದೆ ಎಂಬುದು ನಿಜ. ಆದರೆ ಪಾಚಿ ಹಿಡಿದ ಕಲ್ಲಿನಿಂದ ಜಾರಿದರೆ ಸಂದಿಯೊಳಗೆ ಕಾಲು ಸಿಕ್ಕಿಕೊಳ್ಳುತ್ತದೆ, ಪಚ್ಚಿಲೆಯ ಚಿಪ್ಪು ಚರ್ಮವನ್ನು ಸೀಳುತ್ತದೆ, ಎತ್ತಲು ಇನ್ನೊಬ್ಬರು ಬೇಕಾಗುತ್ತದೆ. ಬಂದರಿನ ಆವರಣ ಮತ್ತು ರೈಲು ಸೇತುವೆಗಳ ತಂಟೆಗೂ ಹೋಗಬಾರದು.

ಜಾಗ ತಲಪಿದ ಕೂಡಲೇ ಗಾಳ ಬಿಚ್ಚದೆ ಹತ್ತು ನಿಮಿಷ ನೀರನ್ನು ನೋಡುತ್ತ ನಿಲ್ಲಿ. ವೇಗವಾಗಿ ಹರಿಯುವ ನೀರೂ ನಿಧಾನವಾದ ನೀರೂ ತಾಗುವಲ್ಲಿ ನೊರೆಯ ಒಂದು ಗೆರೆ ಕಾಣಿಸುತ್ತದೆ. ಕಸ, ತರಗೆಲೆ ಅದರ ಉದ್ದಕ್ಕೂ ಸಾಗುತ್ತವೆ. ಆ ಗೆರೆ ಒಂದು ಕಂಬವನ್ನೋ ಕಲ್ಲುಗುಡ್ಡೆಯನ್ನೋ ತೋಡಿನ ಬಾಯಿಯನ್ನೋ ಹಾದುಹೋಗುವ ಸ್ಥಳವೇ ನಿಮ್ಮ ಸ್ಥಳ. ಸಣ್ಣ ಮೀನುಗಳು ಒಮ್ಮೆಲೇ ನೀರಿನ ಮೇಲಕ್ಕೆ ಚಿಮ್ಮಿ ಚದುರಿದರೆ, ಅಥವಾ ಗುಳುಂ ಎಂಬ ದಪ್ಪ ಸದ್ದು ಕೇಳಿಸಿದರೆ, ಕೆಳಗೆ ಬೇಟೆಗಾರ ಇದೆ ಎಂದು ತಿಳಿಯಿರಿ. ಉಪ್ಪುನೀರು ತಡೆಯಲು ಕಟ್ಟಿದ ಕಿಂಡಿ ಅಣೆಕಟ್ಟಿನ ಕೆಳಭಾಗವೂ ಒಳ್ಳೆಯ ಜಾಗವೇ, ಆದರೆ ಹಲಗೆ ತೆಗೆದಾಗ ನೀರು ಹಠಾತ್ತಾಗಿ ನುಗ್ಗುವುದರಿಂದ ಅಲ್ಲಿ ನೀರಿಗಿಳಿದು ನಿಲ್ಲಕೂಡದು.

ಬೇರೆಯವರ ದುಡಿಮೆಯ ಜಾಗಕ್ಕೆ ನಾವು ಹವ್ಯಾಸಕ್ಕಾಗಿ ಹೋಗುತ್ತಿದ್ದೇವೆ ಎಂಬುದು ನೆನಪಿರಲಿ. ಕೈರಂಪಣಿ ಎಳೆಯುತ್ತಿದ್ದರೆ, ಅಂದರೆ ದಡದಲ್ಲಿ ನಿಂತು ಹಲವರು ಸೇರಿ ಬಲೆ ಎಳೆಯುತ್ತಿದ್ದರೆ, ಅದು ಮುಗಿಯುವವರೆಗೆ ಆ ಕಡೆ ಗಾಳ ಬೀಸಬಾರದು. ನದಿಯಲ್ಲಿ ತೇಲುವ ಬೆಂಡುಗಳ ಸಾಲು ಕಂಡರೆ ಅದರಡಿ ಬಲೆ ಇದೆ ಎಂದರ್ಥ. ಬಲೆ ಸರಿಪಡಿಸುತ್ತ ಕುಳಿತವರಲ್ಲಿ “ಅಣ್ಣ, ಇಲ್ಲಿ ಗಾಳ ಹಾಕಬಹುದಾ?” ಎಂದು ಒಂದು ಮಾತು ಕೇಳಿದರೆ ಅನುಮತಿಯ ಜೊತೆಗೆ ನೀರಿನ ಆಳ, ಕಲ್ಲಿರುವ ಜಾಗ, ಹಿಂದಿನ ದಿನ ಏನು ಸಿಕ್ಕಿತು ಎಂಬ ವಿವರವೂ ಸಿಗುತ್ತದೆ.

ವಾರಕ್ಕೊಂದು ಹೊಸ ಜಾಗ ಹುಡುಕುತ್ತ ಅಲೆಯುವುದು ವ್ಯರ್ಥ. ಒಂದೇ ಜಾಗದಲ್ಲಿ ಬೇರೆ ಬೇರೆ ತಿಥಿಗಳಲ್ಲಿ ನಿಂತು ನೋಡಿದವರಿಗೆ ಅಲ್ಲಿನ ಕುರುಡಿ ಯಾವ ಹೊತ್ತಿಗೆ ಯಾವ ಕಲ್ಲಿನ ಬಳಿ ಬರುತ್ತದೆ ಎಂಬುದು ಗೊತ್ತಾಗುತ್ತದೆ.

3. ಸಲಕರಣೆ

ಎಂಟರಿಂದ ಒಂಬತ್ತು ಅಡಿಯ, ಸಾಕಷ್ಟು ಬಿಗುವುಳ್ಳ ಸ್ಪಿನ್ನಿಂಗ್ ರಾಡ್ ಮತ್ತು 4000 ಅಥವಾ 5000 ಅಳತೆಯ ರೀಲ್ ಸಾಕು. ರೀಲಿಗೆ ಬ್ರೇಡ್ ಸುತ್ತಿಸಿ. ಬ್ರೇಡ್ ಎಂದರೆ ಸಣ್ಣ ಎಳೆಗಳನ್ನು ಹೆಣೆದು ಮಾಡಿದ, ಹಿಗ್ಗದ ದಾರ. 30 ಪೌಂಡ್ ಭಾರ ತಡೆಯುವ ಬ್ರೇಡ್ 150 ರಿಂದ 200 ಮೀಟರ್ ಇದ್ದರೆ ಧಾರಾಳ. ಅದರ ತುದಿಗೆ 40 ರಿಂದ 60 ಪೌಂಡ್‌ನ ದಪ್ಪ ತಂಗೂಸನ್ನು ಒಂದೂವರೆ ಮೀಟರಿನಷ್ಟು ಜೋಡಿಸಬೇಕು. ಇದಕ್ಕೆ ಲೀಡರ್ ಎನ್ನುತ್ತಾರೆ. ಕುರುಡಿಗೆ ಕೋರೆಹಲ್ಲಿಲ್ಲದಿದ್ದರೂ ಅದರ ಬಾಯಿಯೊಳಗೆ ಅರದಂತೆ ಒರಟಾದ ಸಣ್ಣ ಹಲ್ಲಿನ ಪಟ್ಟಿಗಳಿರುತ್ತವೆ, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಲೀಡರ್ ಇಲ್ಲದ ಬ್ರೇಡ್ ಇವಕ್ಕೆ ತಾಗಿದರೆ ಕ್ಷಣದಲ್ಲಿ ತುಂಡಾಗುತ್ತದೆ.

ಇದರ ಜೊತೆಗೆ ಗಾಳ ಬಿಡಿಸಲು ಉದ್ದ ಮೂತಿಯ ಇಕ್ಕಳ, ಮೀನಿನ ಕೆಳದವಡೆ ಹಿಡಿಯುವ ಲಿಪ್ ಗ್ರಿಪ್, ಕತ್ತರಿ, ತಲೆಗೆ ಕಟ್ಟುವ ಟಾರ್ಚ್, ಒದ್ದೆಯಾದರೂ ಜಾರದ ಬೂಟು, ಎರಡು ಲೀಟರ್ ನೀರು ಮತ್ತು ಟೊಪ್ಪಿ ಬೇಕು. ಅಕ್ಟೋಬರಿನ ಬಿಸಿಲನ್ನು ಹಗುರವಾಗಿ ಎಣಿಸಬೇಡಿ. ನಿಮಗೆ ಈಜು ಬರಲಿ, ಬಾರದಿರಲಿ, ಲೈಫ್ ಜಾಕೆಟ್ ತೊಡಲೇಬೇಕು. ಸೊಂಟಕ್ಕೆ ಕಟ್ಟಿ ಬೇಕಾದಾಗ ಗಾಳಿ ತುಂಬಿಕೊಳ್ಳುವ ಬಗೆಯದಾದರೆ ಬೀಸಲು ಅಡ್ಡಿಯಾಗುವುದಿಲ್ಲ.

4. ಗಂಟು ಹಾಕುವುದು

ಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಗಂಟಿನಲ್ಲಿ. ಬ್ರೇಡನ್ನೂ ಲೀಡರನ್ನೂ ಜೋಡಿಸಲು ಡಬಲ್ ಯೂನಿ ಗಂಟು ಹೊಸಬರಿಗೆ ಸುಲಭ. ಎರಡೂ ದಾರಗಳನ್ನು ಒಂದು ಗೇಣಿನಷ್ಟು ಅಕ್ಕಪಕ್ಕ ಇಡಿ. ಬ್ರೇಡಿನ ತುದಿಯನ್ನು ಹಿಂದಕ್ಕೆ ಮಡಚಿ ಒಂದು ಕುಣಿಕೆ ಮಾಡಿ, ಆ ತುದಿಯನ್ನು ಕುಣಿಕೆಯೊಳಗಿಂದ ಎರಡೂ ದಾರಗಳ ಸುತ್ತ ಎಂಟು ಸಲ ಸುತ್ತಿ ಎಳೆಯಿರಿ. ಲೀಡರಿನ ತುದಿಯಿಂದಲೂ ಹೀಗೆಯೇ ಮಾಡಿ, ಆದರೆ ಸುತ್ತು ನಾಲ್ಕೋ ಐದೋ ಸಾಕು. ಕೊನೆಗೆ ಎರಡೂ ಉದ್ದದ ದಾರಗಳನ್ನು ವಿರುದ್ಧ ದಿಕ್ಕಿಗೆ ಎಳೆದರೆ ಗಂಟುಗಳು ಸರಿದು ಬಂದು ಒಂದಕ್ಕೊಂದು ಕೂರುತ್ತವೆ. ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಒಣ ತಂಗೂಸು ಉಜ್ಜಿ ಬಿಸಿಯಾದರೆ ಅಲ್ಲಿಯೇ ದುರ್ಬಲವಾಗುತ್ತದೆ. ಈ ಕೆಲಸವನ್ನು ಹಿಂದಿನ ರಾತ್ರಿ ಮನೆಯ ದೀಪದಲ್ಲಿ ಮುಗಿಸಿಡಿ, ನಸುಕಿನ ಗಾಳಿಯಲ್ಲಿ ಕೂತು ಮಾಡುವಂಥದ್ದಲ್ಲ.

5. ಆಮಿಷ

ನೀರಿನ ಬಣ್ಣವೇ ಇದನ್ನು ತೀರ್ಮಾನಿಸುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಮ್ಮ ಪಾದ ಕಾಣಿಸುವಷ್ಟು ತಿಳಿಯಿದ್ದರೆ ಲೂರ್, ಅಂದರೆ ಮೀನಿನ ಆಕಾರದ ಕೃತಕ ಆಮಿಷ, ಚೆನ್ನಾಗಿ ಕೆಲಸ ಮಾಡುತ್ತದೆ. 10 ರಿಂದ 14 ಸೆಂಟಿಮೀಟರಿನ, ನೀರಿನಡಿ ಒಂದು ಮೀಟರಿನಷ್ಟು ಮುಳುಗಿ ಈಜುವ ಲೂರ್ ಒಂದೆರಡು, ಜೊತೆಗೆ ಸೀಸದ ತಲೆಯ ಗಾಳಕ್ಕೆ ಸಿಕ್ಕಿಸುವ ರಬ್ಬರ್ ಮೀನು ನಾಲ್ಕೈದು ಇದ್ದರೆ ಆರಂಭಕ್ಕೆ ಸಾಕು. ಅಂಗಡಿಯವರು ತೋರಿಸುವ ಬಣ್ಣಗಳಿಗೆಲ್ಲ ಮರುಳಾಗಬೇಡಿ. ಅವುಗಳಲ್ಲಿ ಹಲವು ಮೀನನ್ನಲ್ಲ, ಕೊಳ್ಳುವವರನ್ನು ಹಿಡಿಯಲು ಮಾಡಿದವು.

ನೀರು ಇನ್ನೂ ಕದಡಿದ್ದರೆ ಜೀವಂತ ಸೀಗಡಿ ಅಥವಾ ಬೆರಳುದ್ದದ ಮಲೆಟ್ ಮೀನಿನ ಮರಿಯೇ ಮೇಲು. ಬೀಸುಬಲೆ ಹಾಕುವವರಲ್ಲಿ ಕೇಳಿದರೆ ಸಿಗುತ್ತದೆ. ಮರಿಯನ್ನು ಮೇಲ್ದುಟಿಯಲ್ಲಿ, ಸೀಗಡಿಯನ್ನು ಬಾಲದ ಸಮೀಪ, 4/0 ಅಳತೆಯ ಗಾಳಕ್ಕೆ ಚುಚ್ಚಿ. ಸೀಗಡಿಯ ತಲೆಯೊಳಗೆ ಕಾಣುವ ಕಪ್ಪು ಭಾಗಕ್ಕೆ ಮೊನೆ ತಾಗಿದರೆ ಅದು ಕೂಡಲೇ ಸಾಯುತ್ತದೆ. ಬಕೆಟಿನ ನೀರನ್ನು ಆಗಾಗ ಬದಲಾಯಿಸದಿದ್ದರೆ ಬಿಸಿಲೇರುವ ಮೊದಲೇ ಆಮಿಷವೆಲ್ಲ ಸತ್ತಿರುತ್ತದೆ.

6. ಹೊರಡುವ ಮುನ್ನ

ಯಾವ ಊರಿನ ಯಾವ ದಡಕ್ಕೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಹಿಂತಿರುಗುತ್ತೀರಿ ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಬೇಕು. ಜಾಗ ಬದಲಾಯಿಸಿದರೆ ಫೋನ್ ಮಾಡಿ ತಿಳಿಸಬೇಕು. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಕುತ್ತಿಗೆಗೆ ಹಾಕಿಕೊಳ್ಳಿ; ದಡದ ಚೀಲದಲ್ಲಿರುವ ಫೋನು ನೀರಿಗೆ ಬಿದ್ದವರ ಉಪಯೋಗಕ್ಕೆ ಬರುವುದಿಲ್ಲ. ತುರ್ತು ಸಂಖ್ಯೆ 112, ಕರಾವಳಿ ಕಾವಲು ಪೊಲೀಸರದು 1093, ಕೋಸ್ಟ್ ಗಾರ್ಡಿನದು 1554. ಎತ್ತರದ ಅಲೆಗಳ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುತ್ತದೆ, ಹಿಂದಿನ ಸಂಜೆಯೇ ನೋಡಿಕೊಳ್ಳಿ.

ಅಲೆಗಿಂತಲೂ ನಾನು ಹೆಚ್ಚು ಅಂಜುವುದು ಸಿಡಿಲಿಗೆ. ಈ ಎರಡು ತಿಂಗಳಲ್ಲಿ ಬೆಳಗ್ಗೆ ಆಕಾಶ ಶುಭ್ರವಾಗಿದ್ದು, ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಟ್ಟಿ, ಸಂಜೆಯ ಹೊತ್ತಿಗೆ ಗುಡುಗುಮಳೆ ಕರಾವಳಿಗೆ ಇಳಿದುಬರುವುದು ಸಾಮಾನ್ಯ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಬಯಲು ದಡದಲ್ಲಿ ಅದನ್ನು ಎತ್ತಿ ಹಿಡಿದು ನಿಂತವರೇ ಅಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುತ್ತಾರೆ. ಮೊದಲ ಗುಡುಗು ಕೇಳಿಸಿದೊಡನೆ ರಾಡನ್ನು ಕೆಳಗಿಟ್ಟು ಕಾರಿನೊಳಗೋ ಕಟ್ಟಡದೊಳಗೋ ಸೇರಿಕೊಳ್ಳಿ, ತೆಂಗಿನ ಮರದ ಕೆಳಗೆ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೆ ಮರಳಬೇಡಿ. ಸಮೀಪದ ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಉಪಯುಕ್ತ.

7. ಗಾಳ ಬೀಸುವುದು

ಉಬ್ಬರ ತುದಿಮುಟ್ಟುವ ಅರ್ಧ ಗಂಟೆ ಮೊದಲೇ ಜಾಗದಲ್ಲಿರಿ. ಗಾಳವನ್ನು ಮೀನಿರುವ ಮರೆಗೆ ನೇರವಾಗಿ ಎಸೆಯಬಾರದು. ಅದಕ್ಕಿಂತ ಮೇಲ್ಗಡೆ, ನೀರು ಹರಿದುಬರುವ ದಿಕ್ಕಿಗೆ ಬೀಸಿ, ಸೆಳೆತವೇ ಅದನ್ನು ಕಂಬದ ಅಥವಾ ಕಲ್ಲಿನ ಪಕ್ಕಕ್ಕೆ ತರುವಂತೆ ಬಿಡಿ. ದಾರ ಜೋತುಬೀಳದಷ್ಟು ಮಾತ್ರ ರೀಲ್ ತಿರುಗಿಸುತ್ತ, ನಡುನಡುವೆ ಒಂದೆರಡು ಕ್ಷಣ ನಿಲ್ಲಿಸಿ. ಕುರುಡಿ ಹೆಚ್ಚಾಗಿ ಕಚ್ಚುವುದು ಹೀಗೆ ನಿಂತ ಗಳಿಗೆಯಲ್ಲಿಯೇ. ಅವಸರದಿಂದ ಸುತ್ತುವುದು ಹೊಸಬರ ಸಾಮಾನ್ಯ ತಪ್ಪು.

ಒಂದೇ ಕಡೆ ಇಪ್ಪತ್ತು ಸಲ ಬೀಸಿದರೂ ಏನೂ ಆಗದಿದ್ದರೆ ಹತ್ತು ಹೆಜ್ಜೆ ಸರಿದು ಕೋನ ಬದಲಾಯಿಸಿ. ನೀರಿಗಿಳಿಯಬೇಕಾದರೆ ಮೊಣಕಾಲಿಗಿಂತ ಆಳಕ್ಕೆ ಬೇಡ. ಹೆಜ್ಜೆ ಎತ್ತಿಡದೆ ಪಾದವನ್ನು ಮರಳಿನ ಮೇಲೆ ಉಜ್ಜುತ್ತ ನಡೆಯಿರಿ. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಆಗ ತಾನಾಗಿ ಸರಿದುಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಗಾಳಕ್ಕೆ ಮುಳ್ಳಿರುವ ತೇಡೆ ಮೀನು ಸಿಕ್ಕಿದರೆ ಅದನ್ನೂ ಬರಿಗೈಯಲ್ಲಿ ಮುಟ್ಟದೆ ಇಕ್ಕಳದಿಂದಲೇ ಬಿಡಿಸಿ. ಇವುಗಳ ಮುಳ್ಳು ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ, ಆದರೆ ಸುಡದ ನೀರಿನಲ್ಲಿ ಆ ಭಾಗವನ್ನು ಅದ್ದಿಟ್ಟರೆ ನೋವು ಕಡಿಮೆಯಾಗುತ್ತದೆ. ಬಳಿಕ ವೈದ್ಯರಿಗೆ ತೋರಿಸಲೇಬೇಕು.

ಒಳ್ಳೆಯ ಎರಡು ಗಂಟೆ ಮುಗಿದ ಮೇಲೆ, ನಡುಹಗಲಿನಲ್ಲಿ, ಹಟ ಹಿಡಿದು ನಿಲ್ಲುವುದರಿಂದ ಪ್ರಯೋಜನವಿಲ್ಲ. ಹೊಟ್ಟೆಗೆ ಏನಾದರೂ ಹಾಕಿಕೊಂಡು ನೆರಳಿನಲ್ಲಿ ಕುಳಿತು, ಪೂರ್ತಿ ಇಳಿದ ನೀರಿನಲ್ಲಿ ಹೊರಬೀಳುವ ಕಲ್ಲು, ಗುಂಡಿ, ಮುರಿದ ಕಂಬಗಳನ್ನು ಗುರುತುಹಾಕಿಕೊಳ್ಳಿ. ಸಂಜೆ ನೀರು ಏರಿದಾಗ ಇವೇ ಮೀನಿನ ಮನೆಗಳಾಗಿರುತ್ತವೆ.

8. ಮೀನು ಕಚ್ಚಿದ ಮೇಲೆ

ಡ್ರ್ಯಾಗ್ ಎಂದರೆ ಮೀನು ಜಗ್ಗಿದಾಗ ದಾರವನ್ನು ತಡೆದು ತಡೆದು ಬಿಡುವ, ರೀಲಿನ ಬ್ರೇಕು. 30 ಪೌಂಡ್ ದಾರಕ್ಕೆ ಇದು ಮೂರರಿಂದ ನಾಲ್ಕು ಕಿಲೋ ಎಳೆತಕ್ಕೆ ಬಿಡುವಂತಿರಲಿ. ಮನೆಯಲ್ಲಿ ತೂಗುತಕ್ಕಡಿಗೆ ದಾರ ಸಿಕ್ಕಿಸಿ ಎಳೆದು ಸರಿಮಾಡಿಕೊಳ್ಳಬಹುದು. ಕಚ್ಚಿದ ಕುರುಡಿ ಮೊದಲು ತನ್ನ ಮರೆಗೆ ಓಡಲು ನೋಡುತ್ತದೆ, ಆಗ ಬಿಡದೆ ತಡೆಯಬೇಕು. ಆಮೇಲೆ ನೀರಿನಿಂದ ಮೇಲಕ್ಕೆ ಹಾರಿ, ಬಾಯಿ ತೆರೆದು, ತಲೆ ಕೊಡವಿ ಗಾಳವನ್ನು ಉಗುಳಲು ಯತ್ನಿಸುತ್ತದೆ. ದಾರ ಮೇಲ್ಮುಖವಾಗಿ ಏರತೊಡಗಿದರೆ ಹಾರುತ್ತದೆ ಎಂದು ತಿಳಿದು ರಾಡಿನ ತುದಿಯನ್ನು ನೀರಿನ ಕಡೆಗೆ, ಪಕ್ಕಕ್ಕೆ ತಗ್ಗಿಸಿ. ದಾರದ ಬಿಗಿ ಮಾತ್ರ ತಪ್ಪಬಾರದು.

ಸಹಾಯಕ್ಕೆ ಯಾರೂ ಇಲ್ಲದಿರುವುದರಿಂದ ಮೀನನ್ನು ಎಲ್ಲಿ ದಡಕ್ಕೆ ತರಬೇಕೆಂಬುದನ್ನು ಗಾಳ ಹಾಕುವ ಮೊದಲೇ ನಿಶ್ಚಯಿಸಿರಬೇಕು. ಇಳಿಜಾರಾದ ಮರಳು ಅತ್ಯುತ್ತಮ. ಮೀನು ಸೋತು ಮಗ್ಗುಲಾದಾಗ ಡ್ರ್ಯಾಗನ್ನು ತುಸು ಸಡಿಲಿಸಿ, ರಾಡನ್ನು ಎಡಗೈಯಲ್ಲಿ ಹಿಂದಕ್ಕೆ ಎತ್ತಿ, ಹಿಂದೆ ಹೆಜ್ಜೆಯಿಡುತ್ತ ಅದನ್ನು ಮರಳಿಗೆ ಜಾರಿಸಿ ತನ್ನಿ. ದಾರ ಹಿಡಿದು ಎತ್ತಬಾರದು. ಬಲಗೈಯ ಲಿಪ್ ಗ್ರಿಪ್ ಕೆಳದವಡೆಗೆ ಮಾತ್ರ ಹೋಗಬೇಕು. ಕಿವಿರಿನ ಮುಚ್ಚಳಕ್ಕೆ ಬೆರಳು ತೂರಿಸಿದವರು ಹೊಲಿಗೆ ಹಾಕಿಸಿಕೊಂಡೇ ಮನೆಗೆ ಹೋಗುತ್ತಾರೆ.

9. ಇಟ್ಟುಕೊಳ್ಳುವುದು, ಬಿಡುವುದು

ಕುರುಡಿ ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗಿ ಮಾರ್ಪಡುವ ಮೀನು. ಆದ್ದರಿಂದ ದೊಡ್ಡ ಮೀನುಗಳು ಬಹುಪಾಲು ಮೊಟ್ಟೆಯಿಡುವ ಹೆಣ್ಣುಗಳು. ನನ್ನ ಸಲಹೆಯಿಷ್ಟು: ಮೊಳಕ್ಕಿಂತ ಚಿಕ್ಕದನ್ನೂ 80 ಸೆಂಟಿಮೀಟರ್ ಮೀರಿದ್ದನ್ನೂ ನೀರಿಗೆ ಬಿಡಿ, ನಡುವಿನದರಲ್ಲಿ ಮನೆಗೆ ಬೇಕಾದ ಒಂದನ್ನು ಇಟ್ಟುಕೊಳ್ಳಿ. ರುಚಿಯಲ್ಲಿಯೂ ಎರಡು ಕಿಲೋ ಆಸುಪಾಸಿನದೇ ಮೇಲು. ಬಿಡುವ ಮೀನನ್ನು ಒಣ ಮರಳಿನಲ್ಲಿ ಹೊರಳಾಡಿಸಬೇಡಿ. ಒದ್ದೆ ಕೈಯಿಂದ ಹಿಡಿದು, ಸೆಳೆತಕ್ಕೆ ಮುಖಮಾಡಿ ನೀರಿನಲ್ಲಿ ನಿಲ್ಲಿಸಿ, ತಾನಾಗಿ ಬಾಲ ಬೀಸಿ ಹೋಗುವವರೆಗೆ ಆಧರಿಸಿ.

ಇಟ್ಟುಕೊಳ್ಳುವ ಮೀನಿನ ತಲೆಗೆ ಬಲವಾಗಿ ಒಂದೇಟು ಹಾಕಿ, ಕಿವಿರಿನ ಬುಡ ಕೊಯ್ದು ರಕ್ತ ಹರಿಯಲು ಬಿಡಿ. ಆಮೇಲೆ ಪುಡಿ ಐಸಿಗೆ ಸ್ವಲ್ಪ ಉಪ್ಪುನೀರು ಬೆರೆಸಿದ ಪೆಟ್ಟಿಗೆಯಲ್ಲಿ ಮುಳುಗಿಸಿಡಿ. ಬರೀ ಐಸಿನ ಮೇಲೆ ಇಟ್ಟರೆ ಕೆಳಮಗ್ಗುಲು ಮಾತ್ರ ತಣ್ಣಗಾಗುತ್ತದೆ.

10. ಹಿಂತಿರುಗುವಾಗ

ಕತ್ತರಿಸಿದ ತಂಗೂಸಿನ ತುಂಡುಗಳನ್ನು ಒಂದೂ ಬಿಡದಂತೆ ಹೆಕ್ಕಿ ತನ್ನಿ, ಹಕ್ಕಿಯ ಕಾಲಿಗೂ ಕಡಲಾಮೆಯ ಕುತ್ತಿಗೆಗೂ ಅವು ಉರುಳಾಗುತ್ತವೆ. ರೀಲಿನ ಡ್ರ್ಯಾಗ್ ಬಿಗಿಮಾಡಿ ಸಿಹಿನೀರನ್ನು ಮೇಲಿನಿಂದ ಮೆಲ್ಲಗೆ ಹನಿಸಿ ತೊಳೆಯಿರಿ. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಒಳಕ್ಕೆ ನುಗ್ಗುತ್ತದೆ. ಒರೆಸಿ ಒಣಗಿಸಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿಡಿ. ಲೀಡರಿನ ಕೊನೆಯ ಗೇಣನ್ನು ಬೆರಳಲ್ಲಿ ಸವರಿ ನೋಡಿ ತರಕಲಾಗಿದ್ದರೆ ಕತ್ತರಿಸಿ ಎಸೆಯಿರಿ. ನಿದ್ದೆಗೆ ಮೊದಲು ತಿಥಿ, ಉಬ್ಬರದ ವೇಳೆ, ನೀರಿನ ಬಣ್ಣ, ಮೀನು ಕಚ್ಚಿದ ಕಲ್ಲು ಮತ್ತು ಹೊತ್ತು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಏನೂ ಸಿಗದ ದಿನದ ವಿವರವನ್ನೂ ಬರೆಯಿರಿ.